ಗೃಹಸ್ಥನ ದಯೆಯೂ ಬೆಕ್ಕಿನ ಆಹಾರವೂ

ದಯೆಯನ್ನು ಕುರಿತು ಪ್ರವಚನ ಮಾಡುವುದು ಕಷ್ಟವಲ್ಲ. ಕೇಳುವುದಂತೂ ಇನ್ನೂ ಸುಲಭ. ಆ ದಯೆಗೆ ಪಾತ್ರವಾಗತಕ್ಕ ಜೀವವು ನಾಲ್ಕು ಕಾಲು, ಒಂದು ಬಾಲ, ಹದಿನೆಂಟು ಉಗುರುಗಳೊಡನೆ ನಮ್ಮ ಹೊಸ್ತಿಲನ್ನು ದಾಟಿ ಬಂದು ಹಸಿವೆಂದು ಕೂಗಿದಾಗ ಮಾತ್ರ ವಿಷಯವು ಬೇರೆಯಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೀಮೆಗಳ ಭಕ್ತರ ಮಕ್ಕಳಲ್ಲಿ ಅನೇಕರು ಈಗ ಉದ್ಯೋಗದ ನಿಮಿತ್ತವಾಗಿ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಅಲ್ಲಿಯ ಪ್ರಾಣಿಗಳ ಆಶ್ರಯಧಾಮದಿಂದ ಬೆಳೆದ ಬೆಕ್ಕೊಂದನ್ನು ತಂದು ತಮ್ಮ ಮಕ್ಕಳೊಡನೆ ಸಾಕಬೇಕೆಂಬ ಇಚ್ಛೆ ಕೆಲವು ಎಳೆಯ ದಂಪತಿಗಳಲ್ಲಿ ಹುಟ್ಟಿದೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಆ ಮಾತು ಹಿರಿಯರ ಮುಂದೆ ಬರುತ್ತದೆ. ಹಿರಿಯರು ಸಾಮಾನ್ಯವಾಗಿ ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ಲಿಂಗಪೂಜೆ ನಡೆಯುವ ಮನೆಯಲ್ಲಿ ಬೆಕ್ಕು ಸಲ್ಲುವುದೇ? ಕೂಸಿನ ಮೈಯನ್ನು ಪರಚದೇ? ಮಾಂಸವನ್ನು ತಿನ್ನುವ ಪ್ರಾಣಿಗೆ ನಮ್ಮ ಮನೆಯಲ್ಲಿ ಏನನ್ನು ಹಾಕುವುದು? ಮೊದಲೆರಡಕ್ಕೆ ಸಮಾಧಾನ ಹೇಳುವುದು ಶಕ್ಯವಾಗಿದೆ. ಮೂರನೆಯದೇ ನಿಜವಾದ ಧರ್ಮಸೂಕ್ಷ್ಮ. ವಿಚಿತ್ರವೆಂದರೆ, ತರುಣರು ಆ ಪ್ರಶ್ನೆಯನ್ನು ಕೇಳಿ ನಕ್ಕುಬಿಡುತ್ತಾರೆ. ಹಿರಿಯರು ಅದನ್ನು ಕೇಳಿದ್ದರಿಂದಲೇ ವಿಚಾರವು ಮುಗಿಯಿತೆಂದು ಭಾವಿಸುತ್ತಾರೆ.

ಆಶ್ರಯಧಾಮವೆಂದರೆ ಏನೆಂಬುದನ್ನು ಹಳ್ಳಿಯ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಬೆಂಗಳೂರಿನಲ್ಲಿ 1991ರಲ್ಲಿ ಸ್ಥಾಪಿತವಾದ ಕ್ಯೂಪಾ ಎಂಬ ಸಂಸ್ಥೆ, ಮೈಸೂರಿನಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆ ಮೊದಲಾದವು ಬೀದಿಯಲ್ಲಿ ಗಾಯಗೊಂಡ, ರೋಗಪೀಡಿತವಾದ, ಸಾಕಿದವರೇ ಬಿಟ್ಟುಹೋದ ಪ್ರಾಣಿಗಳನ್ನು ತಂದು ಉಪಚರಿಸುತ್ತವೆ. ಮನೆ ಬದಲಾಯಿಸುವಾಗ ಪಾತ್ರೆಪಗಡೆಗಳನ್ನೆಲ್ಲ ಎಣಿಸಿ ಲಾರಿಗೆ ಏರಿಸುವವರು ಬೆಕ್ಕನ್ನು ಮರೆತು ಹೋಗುವುದುಂಟು. ಇಂತಹ ಆಶ್ರಯಗಳಿಗೆ ಬಂದ ಮರಿಗಳನ್ನು ಜನರು ಬೇಗನೆ ಒಯ್ಯುತ್ತಾರೆ. ಮೂರು ನಾಲ್ಕು ವರ್ಷ ದಾಟಿದ, ಒಂದು ಕಿವಿ ಹರಿದ, ಮುಖ ಕಂಡರೆ ಮೂಲೆಗೆ ಸರಿಯುವ ಬೆಕ್ಕನ್ನು ಕೇಳುವವರು ವಿರಳ. ಆದುದರಿಂದ ಬೆಳೆದ ಬೆಕ್ಕನ್ನೇ ತರಬೇಕೆಂಬ ಸಂಕಲ್ಪದಲ್ಲಿ ಒಂದು ಹಿರಿತನವಿದೆ ಎಂಬುದನ್ನು ಒಪ್ಪಲೇಬೇಕು. ಲೋಕವು ಒಲ್ಲೆನೆಂದುದನ್ನು ತನ್ನದೆಂದು ಬರಮಾಡಿಕೊಳ್ಳುವುದು ಹನ್ನೆರಡನೆಯ ಶತಮಾನದ ಶರಣರ ನಡೆಗೆ ಹೊಸದಲ್ಲ. ಆದರೆ ಬೆಕ್ಕನ್ನೇ ಜಂಗಮವೆಂದು ಕರೆಯುವ ಅತಿಶಯೋಕ್ತಿ ಬೇಡ. ಅದು ಬೆಕ್ಕು, ಬೆಕ್ಕಾಗಿಯೇ ಅದಕ್ಕೆ ಸಲ್ಲಬೇಕಾದುದು ಸಲ್ಲಲಿ.

ಬೆಕ್ಕು ನಮ್ಮ ಮನೆಗಳಿಗೆ ಅಪರಿಚಿತವಲ್ಲ. ರಾಗಿ ಜೋಳಗಳನ್ನು ಹಗೇವಿನಲ್ಲಿಯೂ ಕಣಜದಲ್ಲಿಯೂ ತುಂಬಿಡುತ್ತಿದ್ದ ಕಾಲದಲ್ಲಿ ಬೆಕ್ಕಿಲ್ಲದ ಮನೆಯೆಂದರೆ ಕಾವಲಿಲ್ಲದ ಹೊಲದಂತೆ ಇರುತ್ತಿತ್ತು. ಮಠಗಳ ಉಗ್ರಾಣಕ್ಕೂ ಇದೇ ಮಾತು ಸಲ್ಲುತ್ತದೆ. ಮನುಷ್ಯನು ಧಾನ್ಯವನ್ನು ಕೂಡಿಡಲು ಕಲಿತಂದಿನಿಂದ ಈ ಪ್ರಾಣಿಯು ಅವನ ಸಮೀಪಕ್ಕೆ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದೆ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಹೂಳಲ್ಪಟ್ಟಿದ್ದ ಬೆಕ್ಕಿನ ಅಸ್ಥಿಗಳು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ನಮ್ಮ ಹಿರಿಯರು ಬೆಕ್ಕನ್ನು ದತ್ತು ತೆಗೆದುಕೊಂಡವರಲ್ಲ. ಅದು ತಾನಾಗಿ ಬಂದಿತು, ಅಟ್ಟದ ಮೇಲೆ ಮರಿ ಹಾಕಿತು, ಒಲೆಯ ಬೂದಿಯ ಬಿಸಿಯಲ್ಲಿ ಮಲಗಿತು. ಹಾಲು ಬೆಣ್ಣೆಗಳನ್ನು ಅದರಿಂದ ಕಾಪಾಡಲು ನೆಲುವಿನ ಮೇಲೆ ತೂಗಹಾಕುತ್ತಿದ್ದರು. ಮನೆಯ ಹೆಂಗಸರು ಹಾಲು ಕರೆದ ಮೇಲೆ ಒಂದು ಸೌಟು ಹಾಲನ್ನೂ ರಾತ್ರಿ ಒಂದು ತುತ್ತು ಮುದ್ದೆಯನ್ನೂ ಹಾಕುತ್ತಿದ್ದರು. ಅಷ್ಟರಿಂದಲೇ ಬೆಕ್ಕು ಬದುಕುತ್ತಿತ್ತೆಂದು ಮನೆಯವರ ನಂಬಿಕೆ.

ಆ ನಂಬಿಕೆಯು ಪೂರ್ಣ ಸತ್ಯವಾಗಿರಲಿಲ್ಲ. ಬೆಕ್ಕು ಬದುಕುತ್ತಿದ್ದುದು ಕಣಜದ ಸಂದಿಯ ಇಲಿಯಿಂದ. ನಮ್ಮ ವ್ರತವು ಅಡುಗೆಮನೆಯಲ್ಲಿ ಶುದ್ಧವಾಗಿಯೇ ಇತ್ತು. ಹಿಂಸೆಯು ಅಟ್ಟದ ಕತ್ತಲೆಯಲ್ಲಿ ನಡೆಯುತ್ತಿತ್ತು. ಅದರ ಫಲವಾದ ರಾಗಿಯ ರಕ್ಷಣೆಯನ್ನು ಮಾತ್ರ ನಾವು ಅನುಭವಿಸುತ್ತಿದ್ದೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ಗಾದೆ ಹೇಳುತ್ತದೆ. ಈ ವಿಷಯದಲ್ಲಿ ಕಣ್ಣು ಮುಚ್ಚಿದವರು ನಾವೇ. ಇದನ್ನು ಹಿರಿಯರ ನಿಂದೆಗಾಗಿ ಹೇಳುತ್ತಿಲ್ಲ. ಹೊಲ, ಇಲಿ, ಬೆಕ್ಕು, ಮನುಷ್ಯ ಇವುಗಳ ನಡುವೆ ಹೊಂದಿಕೆಯೊಂದು ತಾನಾಗಿ ಏರ್ಪಟ್ಟಿತ್ತು. ಯಾರೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಆದರೆ ಆ ಹೊಂದಿಕೆಗೂ ಒಂದು ಕ್ರೂರವಾದ ಕೊನೆಯಿತ್ತು. ಹಾಲಿನ ಪಾತ್ರೆಗೆ ಬಾಯಿಹಾಕುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ದಾರಿಯ ಗುರುತು ಸಿಗದಂತೆ ಊರಾಚೆ ದೂರ ಒಯ್ದು ಬಿಟ್ಟುಬರುವ ರೂಢಿ ನಮ್ಮ ಕಡೆ ಇದೆ. ಬೆಕ್ಕನ್ನು ಕೊಂದರೆ ಪಾಪವೆಂಬ ಭಯದಿಂದ ಹುಟ್ಟಿದ ಉಪಾಯವಿದು. ಕೈಗೆ ರಕ್ತ ಹತ್ತಲಿಲ್ಲ. ಜೀವವು ಹಸಿವಿನಿಂದ ಸತ್ತರೆ ಅದು ಅದರ ಕರ್ಮ! ನಮ್ಮ ದೇಶದಲ್ಲಿ 1960ರಲ್ಲಿ ಆದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮವು, ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆಂದು ಎಣಿಸಿದೆ. 1976ರ 42ನೆಯ ತಿದ್ದುಪಡಿಯಿಂದ ಜೀವದಯೆಯು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿ ಸಂವಿಧಾನದಲ್ಲಿಯೂ ಸೇರಿತು. ಕಾನೂನು ಹೇಳುವವರೆಗೆ ಕಾಯಬೇಕಾದ ಅವಶ್ಯಕತೆ ಶರಣರ ಮಕ್ಕಳಿಗೆ ಇರಬಾರದಿತ್ತು.

ಈಗಿನ ಮನೆಯ ಪರಿಸ್ಥಿತಿ ಬೇರೆ. ಪಟ್ಟಣದ ಮಹಡಿಯ ಮನೆಯಲ್ಲಿ ಕಣಜವಿಲ್ಲ, ಇಲಿಯಿಲ್ಲ, ಅಟ್ಟವೂ ಇಲ್ಲ. ಮೂರನೆಯ ಅಂತಸ್ತಿನಲ್ಲಿ ಬಾಗಿಲು ಹಾಕಿದ ಮೇಲೆ ಬೆಕ್ಕು ತಿನ್ನುವುದೆಲ್ಲ ನಮ್ಮ ಕೈಯಿಂದಲೇ ಬರಬೇಕು. ಕತ್ತಲೆಯಲ್ಲಿ ನಡೆಯುತ್ತಿದ್ದುದು ಈಗ ಹಗಲಿಗೆ ಬಂದಿತು. ಹಾಲು ಅನ್ನ ಹಾಕಿದರೆ ಸಾಲದೇ ಎಂದು ಕೇಳುವವರು ಬೆಕ್ಕಿನ ಶರೀರಧರ್ಮವನ್ನು ಸ್ವಲ್ಪ ತಿಳಿಯಬೇಕು. ನಾಯಿಯು ಮನುಷ್ಯನಂತೆ ಮಿಶ್ರಾಹಾರದಿಂದ ಬದುಕಬಲ್ಲದು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಪದಾರ್ಥವನ್ನು ಅದರ ದೇಹವು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಕಡಮೆಯಾದರೆ ಬೆಕ್ಕಿನ ಕಣ್ಣಿನ ಒಳಪದರವು ನಾಶವಾಗಿ ಕುರುಡು ಬರುತ್ತದೆಂದು 1975ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹೃದಯವು ಹಿಗ್ಗಿ ದುರ್ಬಲವಾಗಿ ಸಾಯುತ್ತದೆಂದು 1987ರಲ್ಲಿ ತಿಳಿಯಿತು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಕೂಡ ಚೆನ್ನಾಗಿ ಅರಗುವುದಿಲ್ಲ. ನಮ್ಮ ಸಾರಿನ ಒಗ್ಗರಣೆಯ ಈರುಳ್ಳಿ ಬೆಳ್ಳುಳ್ಳಿಗಳಂತೂ ಅದರ ರಕ್ತಕಣಗಳನ್ನೇ ಒಡೆಯುವ ವಿಷ. ಸಾರನ್ನ ಕಲಸಿ ಹಾಕಿ ಮಗುವಿನಂತೆ ಸಾಕುತ್ತಿದ್ದೇನೆಂದು ಹೇಳುವ ತಾಯಿಯು ಅರಿಯದೆ ಅದನ್ನು ಮೆಲ್ಲನೆ ಕೊಲ್ಲುತ್ತಿರಬಹುದು.

ಹಾಗಾದರೆ ಶಾಕಾಹಾರಿಯಾದ ಲಿಂಗವಂತ ಗೃಹಸ್ಥನು ಏನು ಮಾಡಬೇಕು? ಒಂದು ಪಕ್ಷವೆಂದರೆ ನಮ್ಮ ಮನೆಗೆ ಬಂದ ಪ್ರಾಣಿಯು ನಮ್ಮ ಮನೆಯ ನಿಯಮದಂತೆ ಇರಲಿ ಎಂಬುದು. ಇದು ಕೇಳಲು ನ್ಯಾಯವೆನಿಸುತ್ತದೆ, ವಿಚಾರಿಸಿದರೆ ಅನ್ಯಾಯ. ವ್ರತವೆಂದರೆ ಬಲ್ಲವನು ಬಲ್ಲು ಒಪ್ಪಿ ಹೊತ್ತುಕೊಂಡದ್ದು. ಗುರುವು ದೀಕ್ಷೆ ಕೊಡುವಾಗ ಶಿಷ್ಯನ ಅರಿವನ್ನು ನೋಡಿ ಕೊಡುತ್ತಾನೆ. ಶಿಷ್ಯನೂ ಅರಿತು ಕೈಯೊಡ್ಡುತ್ತಾನೆ. ಬೆಕ್ಕಿಗೆ ಯಾರು ದೀಕ್ಷೆ ಕೊಟ್ಟರು? ಅದು ಯಾವ ಮಾತಿನಿಂದ ಒಪ್ಪಿತು? ತನ್ನ ನಿಯಮವನ್ನು ಒಪ್ಪದ, ಒಪ್ಪಲಾರದ ಜೀವದ ಹೊಟ್ಟೆಯ ಮೇಲೆ ಹೊರಿಸಿ, ಅದರ ಕಣ್ಣು ಹೋದರೂ ನನ್ನ ಮನೆ ಶುದ್ಧವಾಗಿ ಉಳಿಯಿತೆಂದು ಸಂತೋಷಪಡುವುದು ಆಚಾರವಾಗಲಾರದು. ಮನುಸ್ಮೃತಿಯು ಹೊರಗೆ ಧರ್ಮವನ್ನು ತೋರಿಸಿ ಒಳಗೆ ಹಿಂಸೆಯನ್ನು ನಡೆಸುವವನನ್ನು ಬೈಡಾಲವ್ರತಿಕನೆಂದು, ಎಂದರೆ ಬೆಕ್ಕಿನ ವ್ರತದವನೆಂದು ಕರೆದಿದೆ. ಹಿತೋಪದೇಶದ ದೀರ್ಘಕರ್ಣನೆಂಬ ಬೆಕ್ಕು ಚಾಂದ್ರಾಯಣ ವ್ರತದ ನೆಪ ಹೇಳಿ ಮುದಿಹದ್ದಿನ ಪೊಟರೆಯಲ್ಲಿ ಆಶ್ರಯ ಪಡೆದು ಹಕ್ಕಿಮರಿಗಳನ್ನು ನುಂಗಿತು. ಶತಮಾನಗಳ ಕಾಲ ಸಂಸ್ಕೃತದ ಪಂಡಿತರು ಬೆಕ್ಕಿಗೆ ಕಪಟದ ಪಟ್ಟ ಕಟ್ಟಿದರು. ಆದರೆ ವ್ರತದ ಹೆಸರಿನಲ್ಲಿ ಬೆಕ್ಕನ್ನು ಉಪವಾಸ ಕೆಡಹುವ ಮನುಷ್ಯನಿಗೆ ಆ ಶಬ್ದವು ಹೆಚ್ಚು ಒಪ್ಪುತ್ತದೆಯೆಂದು ನನಗೆ ತೋರುತ್ತದೆ.

ಕನ್ನಡದ ಮಕ್ಕಳೆಲ್ಲರೂ ಬಲ್ಲ ಗೋವಿನ ಹಾಡನ್ನು ಇಲ್ಲಿ ನೆನೆಯಬಹುದು. ಆ ಹಾಡನ್ನು ಪುಣ್ಯಕೋಟಿಯ ಸತ್ಯಕ್ಕಾಗಿ ಎಲ್ಲರೂ ಕೊಂಡಾಡುತ್ತಾರೆ. ಹುಲಿಯ ಕಡೆಯಿಂದ ಅದನ್ನು ಓದಿದವರು ಕಡಮೆ. ಹಸುವಿನ ಮಾತಿಗೆ ಮನಸ್ಸು ಕರಗಿದ ಹುಲಿಯು ಅಂದಿನಿಂದ ಹುಲ್ಲು ಮೇಯುತ್ತ ಸುಖವಾಗಿ ಬದುಕಿತೆಂದು ಜನಪದ ಕವಿಯು ಹೇಳಲಿಲ್ಲ. ಅದು ಪ್ರಾಣವನ್ನೇ ಬಿಟ್ಟಿತು. ಹುಲಿಯು ಹುಲಿಯಾಗಿದ್ದುಕೊಂಡು ಹಸುವಿನ ಧರ್ಮವನ್ನು ಪಾಲಿಸಿ ಬದುಕಲು ಸಾಧ್ಯವಿಲ್ಲವೆಂಬ ಪ್ರಕೃತಿಯ ಸತ್ಯವನ್ನು ಆ ಅಜ್ಞಾತ ಕವಿಯು ಮುಚ್ಚಿಡಲಿಲ್ಲ. ಬೆಕ್ಕು ಹುಲಿಯ ಕುಲಕ್ಕೆ ಸೇರಿದ ಪ್ರಾಣಿ.

ಇನ್ನೊಂದು ಪಕ್ಷವೆಂದರೆ, ಬೆಕ್ಕಿಗೆ ಅದರ ಆಹಾರವನ್ನು ಕೊಡುವುದು. ಆಶ್ರಯಧಾಮದಲ್ಲಿ ಅದು ಮೀನು ಕೋಳಿಗಳಿಂದ ತಯಾರಾದ ಒಣ ಆಹಾರವನ್ನು ತಿಂದು ಬಂದಿರುತ್ತದೆ. ಅಂಗಡಿಯಲ್ಲಿ ಅದು ಕಾಳಿನಂತೆ ಚೀಲದಲ್ಲಿ ದೊರೆಯುತ್ತದೆ. ಅಡುಗೆಮನೆಯಿಂದ ಹೊರಗೆ, ಬೇರೆ ಬಟ್ಟಲಿನಲ್ಲಿ, ಬೇರೆ ಮೂಲೆಯಲ್ಲಿ ಇಟ್ಟರೆ ಪಾಕಶಾಲೆಯ ನಿಯಮಕ್ಕೆ ಭಂಗವಿಲ್ಲ. ಪ್ರಸಾದವನ್ನು ತಟ್ಟೆಯಲ್ಲಿ ಉಳಿಸಬಾರದೆಂಬ ನಿಯಮವುಳ್ಳ ನಮಗೆ, ಉಂಡು ಮಿಕ್ಕುದನ್ನು ಬೆಕ್ಕಿಗೆ ಚೆಲ್ಲುವ ರೂಢಿಯು ಹೇಗೂ ಸಲ್ಲದು. ಅದರ ಪಾಲು ಮೊದಲಿನಿಂದಲೇ ಬೇರೆಯಾಗಿರುವುದು ಲೇಸು. ಆದರೆ ಇಲ್ಲಿಗೆ ಆಕ್ಷೇಪವು ಮುಗಿಯುವುದಿಲ್ಲ. ನಾವು ಹಣ ಕೊಟ್ಟು ಕೊಂಡ ಆ ಕಾಳಿನ ಹಿಂದೆ ಕೋಳಿಯ ಜೀವವಿದೆ. ಒಂದು ಜೀವಕ್ಕೆ ದಯೆ ತೋರಲು ಇನ್ನೊಂದು ಜೀವದ ಹರಣಕ್ಕೆ ಸಹಾಯಕನಾಗಬಹುದೇ? ಈ ಪ್ರಶ್ನೆಯನ್ನು ಕೇಳುವ ಹಿರಿಯರನ್ನು ಹಳಬರೆಂದು ಹೀಯಾಳಿಸುವುದು ಸರಿಯಲ್ಲ. ಸಕಲ ಜೀವಗಳ ಹಿತವನ್ನೂ ಬಯಸಬೇಕೆಂದ ಬಸವಣ್ಣನವರ ವಾಣಿಯಲ್ಲಿ ಕೋಳಿಯೂ ಸೇರಿದೆ. ಟಾರಿನ್ ಪದಾರ್ಥವನ್ನು ಈಗ ಕೃತಕವಾಗಿ ತಯಾರಿಸುತ್ತಾರೆ. ಅದನ್ನು ಬೆರೆಸಿದ ಶಾಕಾಹಾರವನ್ನು ಬೆಕ್ಕಿಗೆಂದೇ ಮಾರುವವರೂ ಇದ್ದಾರೆ. ಆದರೆ ಅದರಿಂದ ಬೆಕ್ಕು ಆರೋಗ್ಯವಾಗಿ ಬಾಳುವುದೇ ಎಂಬ ವಿಷಯದಲ್ಲಿ ಪಶುವೈದ್ಯರಲ್ಲಿ ಒಮ್ಮತವಿಲ್ಲ. ವೈದ್ಯರ ಸಲಹೆಯಿಲ್ಲದೆ ಆ ಪ್ರಯೋಗಕ್ಕೆ ಕೈಹಾಕುವುದು ಸಾಹಸವೇ ಸರಿ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಈ ಕಷ್ಟವನ್ನು ಪೂರ್ತಿಯಾಗಿ ಪರಿಹರಿಸುವ ಯುಕ್ತಿಯಿಲ್ಲ. ಬೆಕ್ಕಿನ ಆಹಾರವನ್ನು ಬೆಕ್ಕಿನದೆಂದು ಒಪ್ಪಿ, ಆ ಭಾರವನ್ನು ಮನಸ್ಸಿನಲ್ಲಿ ಹೊತ್ತು ಸಾಕಬಲ್ಲವನು ತರಲಿ. ಚೀಲವನ್ನು ಕೈಯಿಂದ ಮುಟ್ಟಲೂ ಆಗದವನು ತರದಿರಲಿ. ತರದಿರುವುದರಿಂದ ಅವನ ದಯೆಗೆ ಕುಂದಿಲ್ಲ. ಆಶ್ರಯಧಾಮಕ್ಕೆ ಹಣವನ್ನಾದರೂ ಕೊಡುತ್ತೇನೆಂದರೆ, ಆ ಹಣದಿಂದಲೂ ಅದೇ ಚೀಲವು ಬರುತ್ತದೆಂಬುದನ್ನು ಅವನು ತಿಳಿದಿರಬೇಕು. ಅಂತಹವನಿಗೆ ನಮ್ಮ ಸೀಮೆಯಲ್ಲಿ ಬೇರೆ ಕೆಲಸಗಳಿಲ್ಲವೇ? ಬಯಲುಸೀಮೆಯ ಬೇಸಗೆಯಲ್ಲಿ ಹೂಳು ತುಂಬಿದ ಗೋಕಟ್ಟೆಗಳಿವೆ. ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಬರುವ ಹಕ್ಕಿಗಳಿವೆ. ತಂದು, ಹಾಲು ಅನ್ನ ಹಾಕಿ, ನಿಯಮವನ್ನೂ ಕಾದೆ ಪ್ರಾಣಿಯನ್ನೂ ಸಾಕಿದೆನೆಂದು ಎರಡು ಪುಣ್ಯಗಳನ್ನು ಏಕಕಾಲಕ್ಕೆ ಬಯಸುವ ಮಾರ್ಗ ಮಾತ್ರ ನಿಷಿದ್ಧ. ಇದನ್ನು ನಿರ್ಧರಿಸಬೇಕಾದುದು ಬೆಕ್ಕು ಮನೆಗೆ ಬಂದ ಮೇಲಲ್ಲ. ಮಕ್ಕಳು ಅದನ್ನು ಕಂಡು ಹೆಸರಿಡುವುದಕ್ಕಿಂತ ಮೊದಲು.

ಏಕೆಂದರೆ ಮಕ್ಕಳು ಕೇಳಿಯೇ ಕೇಳುತ್ತಾರೆ: ನಾವು ತಿನ್ನದುದನ್ನು ಬೆಕ್ಕು ಏಕೆ ತಿನ್ನುತ್ತದೆ? ಆಗ ಗದರಿಸಿ ಸುಮ್ಮನಾಗಿಸುವುದು ಬೇಡ. ಬೆಕ್ಕಿಗೆ ಆಯ್ಕೆಯಿಲ್ಲ, ನಮಗಿದೆ; ಇರುವುದರಿಂದಲೇ ನಾವು ಬಿಟ್ಟಿದ್ದೇವೆ ಎಂದು ಹೇಳಿದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅಲ್ಲಿಯವರೆಗೆ ಮನೆಯ ಊಟದ ಅಭ್ಯಾಸವಾಗಿದ್ದುದು ಆ ದಿನ ಅದರ ಪಾಲಿಗೆ ವ್ರತವಾಗಿ ಕಾಣತೊಡಗುತ್ತದೆ.

ಪೂಜೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಪೂಜೆಯ ಕೋಣೆಯ ಬಾಗಿಲನ್ನು ಹಾಕಿಡಬೇಕು ನಿಜ. ಬೆಕ್ಕು ಅಶುಚಿಯೆಂದಲ್ಲ, ಉರಿಯುವ ಎಣ್ಣೆದೀಪಕ್ಕೆ ಬಾಲ ತಾಗೀತೆಂದು. ಬೆಕ್ಕು ಅಡ್ಡ ಬಂದರೆ ಅಪಶಕುನವೆನ್ನುವವರು ಶರಣರು ಶಕುನ, ತಿಥಿ, ವಾರಗಳ ಭಯವನ್ನೇ ತಳ್ಳಿಹಾಕಿದರೆಂಬುದನ್ನು ಮರೆತಿದ್ದಾರೆ. ಬಸವಣ್ಣನವರ ವಚನವೊಂದರಲ್ಲಿ ಮಾಯೆಯು ಬೆಕ್ಕಾಗಿಯೂ ನಾವು ಪಂಜರದ ಗಿಳಿಯಾಗಿಯೂ ಬಂದಿರುವುದನ್ನು ಯಾರಾದರೂ ತೋರಿಸಬಹುದು. ಅದು ಉಪಮೆ. ಉಪಮೆಗಾಗಿ ಒಲೆಯ ಮಗ್ಗುಲಿನ ಬೆಕ್ಕಿನ ಬೆನ್ನಿಗೆ ಪೊರಕೆ ಬೀಳಬಾರದು.

ಇನ್ನು ಮಕ್ಕಳ ಮಾತು. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜವಾದ ಹಾವನ್ನು ಕೊಲ್ಲೆನ್ನುವ ಲೋಕದ ಮರುಳುತನವನ್ನು ಬಸವಣ್ಣನವರು ಹಳಿದಿದ್ದಾರೆ. ನಮ್ಮ ಮಕ್ಕಳ ಅಂಗಿಯ ಮೇಲೆ ಬೆಕ್ಕಿನ ಚಿತ್ರ, ಪುಸ್ತಕದಲ್ಲಿ ಬೆಕ್ಕು, ಹತ್ತಿ ತುಂಬಿದ ಬೆಕ್ಕಿನ ಗೊಂಬೆ, ಅವಕ್ಕೆಲ್ಲ ಮುದ್ದು. ಜೀವವುಳ್ಳದ್ದು ಬಾಗಿಲಿಗೆ ಬಂದರೆ ಮಾತ್ರ ಗದರಿಕೆ. ಗೊಂಬೆಯನ್ನು ಹಿಂಡಿ ಅಭ್ಯಾಸವಾದ ಕೈಯೇ ಜೀವವುಳ್ಳ ಬೆಕ್ಕನ್ನೂ ಹಿಂಡುತ್ತದೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟವೆಂಬ ಗಾದೆಯು ಎಳೆಯ ಮಕ್ಕಳಿರುವ ಮನೆಯಲ್ಲಿ ತಿರುವುಮುರುವಾಗುತ್ತದೆ: ಚೆಲ್ಲಾಟ ಮಗುವಿನದು, ಪ್ರಾಣಸಂಕಟ ಬೆಕ್ಕಿನದು. ಈ ದೃಷ್ಟಿಯಿಂದ ಮರಿಗಿಂತ ಬೆಳೆದ ಬೆಕ್ಕೇ ಮಕ್ಕಳ ಮನೆಗೆ ಮೇಲು. ಮರಿಯ ಎಲುಬು ಎಳೆಯದು, ಸ್ವಭಾವ ತಿಳಿಯದು. ಬೆಳೆದುದರ ಸ್ವಭಾವವು ಆಗಲೇ ನಿಂತಿರುತ್ತದೆ. ಮಕ್ಕಳ ಗದ್ದಲವನ್ನು ಸಹಿಸುವುದೇ ಇಲ್ಲವೇ ಎಂಬುದನ್ನು ಆಶ್ರಯದಲ್ಲಿ ಅದನ್ನು ನೋಡಿಕೊಂಡವರು ಹೇಳಬಲ್ಲರು. ಕೇಳಬೇಕು, ಚಂದದ ಬಣ್ಣ ನೋಡಿ ಮರುಳಾಗಬಾರದು.

ಆದರೆ ಬೆಳೆದುದಕ್ಕೆ ಒಂದು ಹಿಂದಣ ಬಾಳು ಇದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಅರಸನು ಸಾಕಲು ಕೊಟ್ಟ ಬೆಕ್ಕಿಗೆ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲಿಟ್ಟನು. ಮೂತಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲನ್ನು ಕಂಡರೆ ಓಡುತ್ತಿತ್ತು. ಹಾಲೆಲ್ಲ ಅವನಿಗೇ ಉಳಿಯಿತು. ಕಥೆ ಕೇಳಿದ ಮಕ್ಕಳು ವಿಕಟಕವಿಯ ಜಾಣತನಕ್ಕೆ ನಗುತ್ತಾರೆ. ತರಗತಿಯಲ್ಲಿ ಈ ಕಥೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ಆ ಬೆಕ್ಕಿನ ನಾಲಗೆ ಏನಾಯಿತು? ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಶ್ರಯಧಾಮದಿಂದ ಬಂದ ಬೆಕ್ಕು ಇಂತಹ ಸುಟ್ಟ ನಾಲಗೆಯ ಬೆಕ್ಕಾಗಿರಬಹುದು. ಯಾರ ಕೋಲಿನ ನೆನಪಿದೆಯೋ, ಯಾವ ಗಾಡಿಯ ಸದ್ದಿನ ಭಯವಿದೆಯೋ ಅದು ಹೇಳಲಾರದು. ಎತ್ತಿದ ಕೈ ಮುದ್ದಿಸಲು ಬಂದುದೇ ಆದರೂ ಅದು ಮಂಚದ ಕೆಳಗೆ ನುಗ್ಗುತ್ತದೆ. ಮಕ್ಕಳು ನಿರಾಶರಾಗುತ್ತಾರೆ, ತಂದೆಗೂ ತುಸು ಬೇಸರ, ಇಷ್ಟು ದೂರದಿಂದ ತಂದೆನಲ್ಲ ಎಂದು. ದಾಸೋಹದ ಅರ್ಥವು ಈ ಹೊತ್ತಿನಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಕೊಟ್ಟೆನೆಂಬ ಭಾವವುಳ್ಳವನು ಪ್ರತಿಫಲವಾಗಿ ಪ್ರೀತಿಯನ್ನು ಬೇಡುತ್ತಾನೆ. ಬೆಕ್ಕು ಆ ಸಾಲವನ್ನು ತೀರಿಸುವ ಆತುರದಲ್ಲಿಲ್ಲ. ಭೃತ್ಯಾಚಾರವನ್ನು ಬಾಯಲ್ಲಿ ಹೇಳುವವನು ಮಂಚದ ಕೆಳಗೆ ಬಟ್ಟಲನ್ನು ಸರಿಸಿ, ಹಿಂದಿರುಗಿ ನೋಡದೆ ಎದ್ದು ಬರಬೇಕು.

ಅನುಭವಿಗಳು ಹೇಳುವ ಕ್ರಮವೆಂದರೆ, ಮೊದಲು ಒಂದು ಸಣ್ಣ ಕೋಣೆಯಲ್ಲಿಯೇ ಅದನ್ನಿಟ್ಟು, ಅಲ್ಲಿಯೇ ಆಹಾರ, ನೀರು, ಮಲಮೂತ್ರಕ್ಕೆ ಮರಳಿನ ತಟ್ಟೆ ಇವುಗಳನ್ನು ಒದಗಿಸುವುದು. ಕೆಲವು ದಿನಗಳು ಬೇಕಾಗಬಹುದು, ಕೆಲವು ವಾರಗಳೂ ಬೇಕಾಗಬಹುದು. ಮಗುವು ಆ ಕೋಣೆಯಲ್ಲಿ ಹಿರಿಯರೊಡನೆ ನೆಲದ ಮೇಲೆ ಸುಮ್ಮನೆ ಕುಳಿತು ಪಾಠ ಓದಲಿ. ಬೆಕ್ಕು ತಾನಾಗಿ ಬಂದು ಮೂಸಲಿ. ಮಗುವಿನ ಕೈಗೆ ಎಟುಕದ ಎತ್ತರದ ಒಂದು ಸ್ಥಳವು ಬೆಕ್ಕಿಗೆ ಮನೆಯಲ್ಲಿ ಇರಲೇಬೇಕು. ತಿನ್ನುವಾಗ, ಮಲಗಿದಾಗ, ಮರಳಿನ ತಟ್ಟೆಯಲ್ಲಿರುವಾಗ ಮುಟ್ಟಕೂಡದು. ಬಾಲವನ್ನು ಬಡಿಯುತ್ತಿದ್ದರೆ, ಕಿವಿಯನ್ನು ಹಿಂದಕ್ಕೆ ಒತ್ತಿದ್ದರೆ ಸಾಕು ಎಂದು ಅರ್ಥ. ಐದಾರು ವರ್ಷದೊಳಗಿನ ಕೂಸನ್ನೂ ಬೆಕ್ಕನ್ನೂ ಒಂದೆಡೆ ಬಿಟ್ಟು ಹಿರಿಯರು ಹೊರಗೆ ಹೋಗಕೂಡದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮನುಷ್ಯನು ಬೆಕ್ಕಿನತ್ತ ನೋಡಿ ಮೆಲ್ಲನೆ ಅರೆಗಣ್ಣು ಮುಚ್ಚಿದರೆ ಅದೂ ಹಾಗೆಯೇ ಮಾಡುತ್ತದೆ, ಹತ್ತಿರಕ್ಕೂ ಬರುತ್ತದೆ. ನಮ್ಮ ಕಥೆಗಳಲ್ಲಿ ಕಪಟದ ಲಕ್ಷಣವಾಗಿದ್ದ ಆ ಅರೆಗಣ್ಣು ಬೆಕ್ಕಿನ ಭಾಷೆಯಲ್ಲಿ ಸ್ನೇಹದ ಲಕ್ಷಣವಾಗಿರಬಹುದು. ಮಕ್ಕಳಿಗೆ ಈ ಆಟವು ಬಹಳ ಹಿಡಿಸುತ್ತದೆ.

ಇಷ್ಟಾದರೂ ಒಂದು ದಿನ ಪರಚಿಯೇ ಪರಚೀತು. ಪಂಚತಂತ್ರದ ಮುಂಗುಸಿಯ ಕಥೆಯನ್ನು ಆಗ ಮನಸ್ಸಿಗೆ ತಂದುಕೊಳ್ಳಬೇಕು. ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಬಾಯಿಯ ರಕ್ತವನ್ನು ಮಾತ್ರ ಕಂಡು ಮನೆಯವರು ಅದನ್ನು ಬಡಿದು ಕೊಂದರು. ಪರಚಿದ ಗಾಯದ ಹಿಂದೆ ಎಳೆದ ಬಾಲವಿತ್ತೋ ಏನೋ ವಿಚಾರಿಸಬೇಕು. ವಿಚಾರಣೆಗಿಂತ ಮೊದಲು ಚಿಕಿತ್ಸೆ: ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಹುಚ್ಚುನಾಯಿಯ ರೋಗವು ಬೆಕ್ಕಿನಿಂದಲೂ ಬರಬಲ್ಲದು. ಅರಿಸಿನ ಮೆತ್ತಿ ಸುಮ್ಮನಿರುವ ವಿಷಯವಲ್ಲ. ತರುವ ಮೊದಲೇ ಬೆಕ್ಕಿಗೆ ಲಸಿಕೆಯಾಗಿದೆಯೇ ಎಂದು ಕೇಳಿ ಕಾಗದವನ್ನು ಪಡೆಯಬೇಕು. ಮುಂದಿನ ಲಸಿಕೆಗಳನ್ನು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು.

ಮನೆಯ ಯಜಮಾನನು ದಯೆಯಿಂದ ತರುವುದು, ಮರಳಿನ ತಟ್ಟೆಯನ್ನು ಗೃಹಿಣಿಯು ದಿನವೂ ತೊಳೆಯುವುದು ಎಂದಾದರೆ ಆ ದಯೆ ಯಾರದು? ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಮಾರಯ್ಯನನ್ನು ತಡೆದು ಮರಳಿ ಚೆಲ್ಲಿ ಬರಲು ಹೇಳಿದ ಪ್ರಸಂಗವನ್ನು ಎಲ್ಲರೂ ಬಲ್ಲರು. ಎಷ್ಟನ್ನು ಹೊರಬಲ್ಲೆವೆಂಬ ನಿರ್ಣಯವು ಆ ಮನೆಯಲ್ಲಿ ಅವಳ ಬಾಯಿಂದ ಬಂದಿತು. ಬೆಕ್ಕನ್ನು ತರುವುದಕ್ಕೆ ಮೊದಲು ಇಂದಿನ ಲಕ್ಕಮ್ಮನನ್ನು ಕೇಳಿದವರು ಎಷ್ಟು ಜನ? ಗರ್ಭಿಣಿಯು ಆ ತಟ್ಟೆಯನ್ನು ಮುಟ್ಟಲೇಬಾರದು. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯು ಗರ್ಭದ ಶಿಶುವಿಗೆ ಅಪಾಯಕರ. ಅದು ಸೋಂಕುವ ಶಕ್ತಿ ಪಡೆಯಲು ಒಂದು ದಿನವಾದರೂ ಬೇಕಾಗುವುದರಿಂದ ತಟ್ಟೆಯನ್ನು ದಿನವೂ ತೊಳೆಯಬೇಕು. ಅದು ಗಂಡಸಿನ ಕಾಯಕವಾಗಲಿ. ಬೆಕ್ಕು ಹನ್ನೆರಡು ಹದಿನೈದು ವರ್ಷ ಬಾಳುವ ಪ್ರಾಣಿ. ನಾಲ್ಕು ವರ್ಷದ್ದನ್ನು ತಂದರೆ ಇನ್ನೂ ಹತ್ತು ವರ್ಷ ಈ ಕಾಯಕ ಉಂಟು. ಮೂರನೆಯ ತರಗತಿಯ ಮಗು ಪದವಿಗೆ ಹೋಗುವವರೆಗೆ.

ಎಲ್ಲವನ್ನೂ ವಿಚಾರಿಸಿ ತಂದ ಮೇಲೆಯೂ ಕಿರಿಯ ಮಗುವಿಗೆ ಬೆಕ್ಕಿನ ಸಂಗದಿಂದ ಉಬ್ಬಸವೇಳುವುದುಂಟು. ವೈದ್ಯರು ಬೇರ್ಪಡಿಸಲೇಬೇಕೆಂದು ಹೇಳಿದರೆ ಮಗುವಿನ ಉಸಿರೇ ಮೊದಲು, ಇದರಲ್ಲಿ ಸಂದೇಹವಿಲ್ಲ. ಆಗ ಬೆಕ್ಕನ್ನು ತಂದ ಕಡೆಗೇ, ತಂದವರೇ, ಹಗಲು ಹೊತ್ತಿನಲ್ಲಿ ಒಯ್ಯಬೇಕು. ಅದು ತಿನ್ನುವ ಆಹಾರದ ಚೀಲ, ಮಲಗುತ್ತಿದ್ದ ಬಟ್ಟೆ, ಲಸಿಕೆಯ ಕಾಗದ ಜೊತೆಗಿರಬೇಕು. ಅದರ ಅಭ್ಯಾಸಗಳನ್ನು ಅಲ್ಲಿಯವರಿಗೆ ತಿಳಿಸಬೇಕು. ಅದು ಓಡಿಹೋಯಿತೆಂದು ಮಕ್ಕಳಿಗೆ ಹೇಳಬಾರದು. ಮನೆಯಲ್ಲಿ ಹಿರಿಯ ಮಗುವಿದ್ದರೆ ಅದನ್ನೂ ಜೊತೆಗೆ ಕರೆದೊಯ್ಯುವುದು ಉತ್ತಮ. ದಾರಿಯುದ್ದಕ್ಕೂ ಅದು ಅಳಬಹುದು, ಪ್ರಶ್ನೆಗಳನ್ನು ಕೇಳಬಹುದು. ಅವಕ್ಕೆ ತಂದೆಯೇ ಉತ್ತರ ಕೊಡಬೇಕು.